ಚಿಪ್ಪಗಿರಿಯ ವಿಜಯದಾಸರೂ ನಮ್ಮ ಮಕ್ಕಳ ತಾಳದ ಪಾಠವೂ



ಕಾರ್ತಿಕ ಮಾಸ ಹತ್ತಿರ ಬರುತ್ತಿದೆ. ಶುದ್ಧ ದಶಮಿಗೆ ಚಿಪ್ಪಗಿರಿಯಲ್ಲಿ ವಿಜಯದಾಸರ ಆರಾಧನೆ. ಪ್ರತಿ ವರ್ಷದಂತೆ ನಾವೂ ಸಂಘದ ಕಡೆಯಿಂದ ಒಂದು ಸಣ್ಣ ಹಾಡುಗಾರಿಕೆಯ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಅದರ ವಿವರ ಕೊನೆಯಲ್ಲಿ ಕೊಟ್ಟಿದೆ. ಅದಕ್ಕೆ ಮೊದಲು ಕಳೆದ ವರ್ಷ ನಡೆದ ಒಂದು ಸಂಗತಿಯನ್ನು ಹೇಳಿಬಿಡಬೇಕು. ಅಲ್ಲಿದ್ದವರಿಗೆ ಅದು ಗೊತ್ತೇ ಇದೆ. ಇಲ್ಲದವರ ಕಿವಿಗೂ ಬೇರೆ ರೂಪದಲ್ಲಿ ಬಿದ್ದಿರಬಹುದು.

ಕಳೆದ ವರ್ಷ ನಮ್ಮ ಹೆಣ್ಣುಮಕ್ಕಳು ವಿಜಯದಾಸರ ಒಂದು ಸುಳಾದಿಯನ್ನು ಹಾಡಿದರು. ಮೃದಂಗಕ್ಕೆ ಕೂತವನು ಹದಿಮೂರು ವರ್ಷದ ಹುಡುಗ, ನಮ್ಮ ಸದಸ್ಯರೊಬ್ಬರ ಮಗ. ಧ್ರುವತಾಳದ ಚರಣ ಚೆನ್ನಾಗಿ ಹೋಯಿತು. ಮುಂದಿನವೂ ಒಂದು ಮಾದರಿಯಾಗಿ ದಾಟಿದವು. ಅಟ್ಟತಾಳ ಬಂದಾಗ ಮಾತ್ರ ಹಾಡು ಒಂದು ಕಡೆ, ಮೃದಂಗ ಒಂದು ಕಡೆ ಆಯಿತು. ಆವರ್ತದ ಮೊದಲಿಗೆ ಹುಡುಗ ಸರಿಯಾಗಿಯೇ ಬಂದು ಸೇರುತ್ತಿದ್ದ, ಆದರೆ ನಡುವೆ ಅವನ ಪೆಟ್ಟು ಬೀಳುವ ಕಡೆ ಹಾಡಿನ ಒತ್ತು ಇರಲಿಲ್ಲ. ಎರಡು ಸಲ ಹೀಗಾದ ಮೇಲೆ ಹಾಡುವವರು ತಡವರಿಸಿ ನಿಂತರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾವು ಕಾರ್ಯದರ್ಶಿಯ ಗತ್ತಿನಲ್ಲಿ ಹುಡುಗನಿಗೆ ಕೈ ಮಾಡಿ ನಿಲ್ಲಿಸು ಎಂದೆವು. ಉಳಿದ ಸುಳಾದಿ ಮೃದಂಗವಿಲ್ಲದೆ ಮುಗಿಯಿತು. ಹುಡುಗ ವಾದ್ಯಕ್ಕೆ ಗವಸು ಹಾಕಿ ಹಿಂದೆ ಹೋಗಿ ಕೂತುಬಿಟ್ಟ. ಪ್ರಸಾದಕ್ಕೂ ಏಳಲಿಲ್ಲ.

ಆ ರಾತ್ರಿ ಬಳ್ಳಾರಿಯ ಮೃದಂಗದ ಮೇಷ್ಟ್ರನ್ನು ಗುಂತಕಲ್ಲು ಸ್ಟೇಷನ್ನಿಗೆ ಬಿಡಲು ಹೋಗಿದ್ದೆವು. ಗಾಡಿ ತಡವಾಗಿತ್ತು. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಅವರು ತೊಡೆಯ ಮೇಲೆ ತಾಳ ಹಾಕಿ ತೋರಿಸಿದರು. ಧ್ರುವತಾಳಕ್ಕೆ ಹದಿನಾಲ್ಕು ಅಕ್ಷರ: ನಾಲ್ಕು, ಎರಡು, ನಾಲ್ಕು, ನಾಲ್ಕು. ಅಟ್ಟತಾಳಕ್ಕೂ ಹದಿನಾಲ್ಕೇ ಅಕ್ಷರ: ಐದು, ಐದು, ಎರಡು, ಎರಡು. ಧ್ರುವದಲ್ಲಿ ತಟ್ಟು ಬೀಳುವುದು ಒಂದು, ಐದು, ಏಳು, ಹನ್ನೊಂದರ ಮೇಲೆ. ಅಟ್ಟದಲ್ಲಿ ಒಂದು, ಆರು, ಹನ್ನೊಂದು, ಹದಿಮೂರರ ಮೇಲೆ. ಹುಡುಗ ಹದಿನಾಲ್ಕನ್ನು ಸರಿಯಾಗಿ ಎಣಿಸಿದ್ದ. ಒಳಗಿನ ಹಂಚಿಕೆಯನ್ನು ಅವನಿಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ. ಅದಕ್ಕೇ ಅಟ್ಟದ ಹಾಡಿಗೆ ಧ್ರುವದ ಪೆಟ್ಟು ಹಾಕಿದ್ದ.

ಮೂವತ್ತು ವರ್ಷಕ್ಕೂ ಮೇಲೆ ಗುಮಾಸ್ತಗಿರಿ ಮಾಡಿದ ನಮಗೆ ಇದು ತಟ್ಟನೆ ಅರ್ಥವಾಯಿತು. ಜಮಾಖರ್ಚಿನಲ್ಲಿ ಒಟ್ಟು ಮೊತ್ತ ತಾಳೆಯಾಗಿರುತ್ತದೆ, ಆದರೆ ಒಂದು ಬಾಬ್ತಿನ ಹಣ ಇನ್ನೊಂದು ಬಾಬ್ತಿಗೆ ಬಿದ್ದಿರುತ್ತದೆ. ಅಂಥ ತಪ್ಪನ್ನು ಹಿಡಿಯುವುದೇ ಕಷ್ಟ. ಹುಡುಗನದು ಆ ಜಾತಿಯ ತಪ್ಪು. ಅದಕ್ಕೆ ಹೊಣೆ ಅವನಲ್ಲ, ಅಟ್ಟತಾಳದ ಸುಳಾದಿಯನ್ನು ಆರಿಸಿ, ಆದಿತಾಳ ಮಾತ್ರ ಕಲಿತ ಹುಡುಗನನ್ನು ಕೂರಿಸಿದ ನಾವು. ಇದನ್ನು ಇಲ್ಲಿ ಬರೆದು ದಾಖಲೆ ಮಾಡುತ್ತಿದ್ದೇವೆ. ಅವನ ಮನೆಗೆ ಹೋಗಿಯೂ ಹೇಳಿ ಬಂದಿದ್ದೇವೆ.

ಅಂದಿನಿಂದ ಒಂದು ಪ್ರಶ್ನೆ ನಮ್ಮ ತಲೆಯಲ್ಲಿ ಕೂತಿತು. ಒಂದೇ ಹಾಡಿನಲ್ಲಿ ಚರಣಕ್ಕೊಂದು ತಾಳ ಬದಲಿಸುವಂಥ ರಚನೆಯನ್ನು ನೂರಾರು ಸಂಖ್ಯೆಯಲ್ಲಿ ಮಾಡಿದ ಈ ಮನುಷ್ಯ ಯಾರು? ನಮ್ಮ ಸೀಮೆಯವರೇ, ನಾವು ಬಸ್ಸಿನಲ್ಲಿ ಹೋಗಿಬರುವ ಚಿಪ್ಪಗಿರಿಯವರೇ. ಆದರೂ ಅವರ ಬಗ್ಗೆ ನಮಗೆ ಪವಾಡಗಳಷ್ಟೇ ಗೊತ್ತು. ಅವರ ತಾಳದ ಬಗ್ಗೆ ಯಾರೂ ಮಾತಾಡಿದ್ದು ಕೇಳಿಲ್ಲ. ಈ ಸಲದ ಪತ್ರಿಕೆಯಲ್ಲಿ ಅದನ್ನು ನಮಗೆ ತಿಳಿದ ಮಟ್ಟಿಗೆ ಬರೆಯುತ್ತಿದ್ದೇವೆ.

ವಿಜಯದಾಸರು ಹುಟ್ಟಿದ್ದು 1682ರಲ್ಲಿ, ಈಗಿನ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ. ತುಂಗಭದ್ರೆಯ ದಂಡೆಯ ಊರು. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಮಗನಿಗೆ ಇಟ್ಟ ಹೆಸರು ದಾಸಪ್ಪ. ಮನೆಯಲ್ಲಿ ಕಡುಬಡತನ. ರಾಘವೇಂದ್ರ ಸ್ವಾಮಿಗಳು ಮಂತ್ರಾಲಯದಲ್ಲಿ ಬೃಂದಾವನಸ್ಥರಾಗಿ ಆಗ ಹನ್ನೊಂದು ವರ್ಷವಾಗಿತ್ತು. ಆದವಾನಿಯ ಕೋಟೆ ಇನ್ನೂ ಬಿಜಾಪುರದವರ ಕೈಯಲ್ಲಿತ್ತು, ಸಿದ್ದಿ ಮಸೂದನು ಇಲ್ಲಿ ಅಧಿಕಾರ ನಡೆಸುತ್ತಿದ್ದ. ದಾಸಪ್ಪ ನಾಲ್ಕು ವರ್ಷದ ಮಗುವಾಗಿದ್ದಾಗ, 1686ರಲ್ಲಿ, ಬಿಜಾಪುರ ಔರಂಗಜೇಬನ ವಶವಾಯಿತು. ಮರುವರ್ಷ ಗೋಲ್ಕೊಂಡ ಬಿತ್ತು. 1688ರ ಹೊತ್ತಿಗೆ ಆದವಾನಿಯ ಕೋಟೆಯ ಮೇಲೂ ಮೊಗಲರ ನಿಶಾನೆ ಹಾರಿತು. ಇಂದು ನಾವು ಬೆಟ್ಟದ ಮೇಲಿನ ಆ ಕೋಟೆಯನ್ನು ಭಾನುವಾರದ ವಿಹಾರಕ್ಕೆ ಹತ್ತುತ್ತೇವೆ. ಆಗ ಅದರ ಸುತ್ತಲಿನ ಹಳ್ಳಿಗಳಲ್ಲಿ ದಂಡು ಹಾಯ್ದು ಹೋದ ಹಾದಿಯಲ್ಲಿ ಬೆಳೆ ಎಷ್ಟು ಉಳಿದಿತ್ತೋ, ಯಾರ ಮನೆಯಲ್ಲಿ ಎಷ್ಟು ಜೋಳ ಇತ್ತೋ ಊಹಿಸಿಕೊಳ್ಳಬೇಕು.

ಬಡತನ ತಾಳಲಾರದೆ ಹುಡುಗ ಹದಿನಾರರ ಆಸುಪಾಸಿನಲ್ಲಿ ಮನೆ ಬಿಟ್ಟ ಎಂದು ಪರಂಪರೆ ಹೇಳುತ್ತದೆ. ಅಲ್ಲಿ ಇಲ್ಲಿ ಅಲೆದು ಕಾಶಿಯವರೆಗೆ ಹೋಗಿ ಬಂದರು. ಊರಿಗೆ ಮರಳಿ ಅರಳಮ್ಮನವರನ್ನು ಮದುವೆಯಾದರು. ಸಂಸಾರ ಹೂಡಿದರೂ ಬಡತನ ಬಿಡಲಿಲ್ಲ. ಮತ್ತೆ ಕಾಶಿಗೆ ಹೋದಾಗ ಗಂಗೆಯ ದಂಡೆಯಲ್ಲಿ ಪುರಂದರದಾಸರು ಕನಸಿನಲ್ಲಿ ಬಂದು ವಿಜಯವಿಠ್ಠಲ ಎಂಬ ಅಂಕಿತ ಕೊಟ್ಟರು ಎಂಬುದು ದಾಸಭಕ್ತರೆಲ್ಲರ ನಂಬಿಕೆ. ದಾಸಪ್ಪ ವಿಜಯದಾಸರಾದದ್ದು ಹೀಗೆ. ಪುರಂದರದಾಸರು ಕಾಲವಾದದ್ದು 1564ರಲ್ಲಿ. ನಡುವೆ ನೂರಕ್ಕೂ ಮಿಕ್ಕ ವರ್ಷಗಳ ಅಂತರವಿದೆ. ವಾದಿರಾಜರ ನಂತರ ನಮ್ಮ ಭಾಗದಲ್ಲಿ ದಾಸರ ಹಾಡು ತೆಳುವಾಗಿ ಹರಿಯುತ್ತಿತ್ತು. ಕಾಖಂಡಕಿಯ ಮಹಿಪತಿದಾಸರು, ಬಾಗಲಕೋಟೆಯ ಪ್ರಸನ್ನವೆಂಕಟದಾಸರು ಅದನ್ನು ತಮ್ಮ ತಮ್ಮ ಕಡೆ ಕಾಪಾಡಿಕೊಂಡು ಬಂದಿದ್ದರು. ತುಂಗಭದ್ರೆಯ ಈಚೆ ಆಚೆ ಅದು ಮತ್ತೆ ತುಂಬಿ ಹರಿದದ್ದು ವಿಜಯದಾಸರಿಂದ. ದಾಸಸಾಹಿತ್ಯದ ಎರಡನೆಯ ಘಟ್ಟ ಎಂದು ಪಂಡಿತರು ಬರೆಯುವುದು ಇಲ್ಲಿಂದಲೇ.

ಅವರು ಗುರುಕುಲದಲ್ಲಿ ಕೂತು ವರ್ಷಗಟ್ಟಲೆ ಶಾಸ್ತ್ರ ಓದಿದವರಲ್ಲ. ಅದಕ್ಕೇ ಆ ಕಾಲದ ಕೆಲವು ಪಂಡಿತರು ಅವರನ್ನು ಹಗುರವಾಗಿ ಕಂಡರು. ಸಂಸ್ಕೃತದಲ್ಲಿ ಹೇಳಬೇಕಾದ ತತ್ತ್ವವನ್ನು ಕನ್ನಡದಲ್ಲಿ, ಅದೂ ಗೆಜ್ಜೆ ಕಟ್ಟಿ ಬೀದಿಯಲ್ಲಿ ಹಾಡುವುದೇ ಎಂಬ ತಾತ್ಸಾರ. ಮಾನ್ವಿಯ ಶ್ರೀನಿವಾಸಾಚಾರ್ಯರ ಕತೆ ನಿಮಗೆಲ್ಲ ಗೊತ್ತು. ದೊಡ್ಡ ವಿದ್ವಾಂಸರು. ವಿಜಯದಾಸರ ಕರೆಯನ್ನು ಅಲಕ್ಷ್ಯ ಮಾಡಿದರು, ಹೊಟ್ಟೆನೋವು ಹಿಡಿದು ನರಳಿದರು, ಕೊನೆಗೆ ವಿಜಯದಾಸರ ಬಳಿಗೇ ಬಂದರು. ದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಿಂದ ನಲವತ್ತು ವರ್ಷ ಧಾರೆಯೆರೆದರು ಎಂದು ಪರಂಪರೆ. ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದರು. ಕತೆಯಲ್ಲಿ ಪವಾಡದ ಪಾಲು ಎಷ್ಟು ಎಂಬ ಲೆಕ್ಕಕ್ಕೆ ನಾವು ಹೋಗುವುದಿಲ್ಲ. ಶಾಸ್ತ್ರ ಬಲ್ಲ ಪಂಡಿತರು ಬೀದಿಯ ಹಾಡಿನ ಕಡೆ ತಿರುಗಿ ಕನ್ನಡದಲ್ಲಿ ಬರೆದರು ಎಂಬುದಂತೂ ಕಣ್ಣ ಮುಂದಿದೆ.

ಈಗ ಸುಳಾದಿಯ ವಿಷಯಕ್ಕೆ ಬರೋಣ. ದಾಸರು ಮೂರು ಬಗೆಯಲ್ಲಿ ಹಾಡಿದರು. ಕೀರ್ತನೆ ಅಥವಾ ದೇವರನಾಮ ಎಲ್ಲರಿಗೂ ಗೊತ್ತು: ಪಲ್ಲವಿ, ಚರಣ, ಒಂದು ರಾಗ, ಒಂದು ತಾಳ. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ, ಬಾಯಿಬಿಟ್ಟು ಆಲಾಪದಂತೆ ಹೇಳಿಕೊಳ್ಳುವುದು. ಸುಳಾದಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಪಲ್ಲವಿಯೇ ಇಲ್ಲ, ಚರಣಕ್ಕೊಂದು ತಾಳ. ಸಾಮಾನ್ಯವಾಗಿ ಧ್ರುವದಿಂದ ಶುರುವಾಗಿ ಮಟ್ಟ, ರೂಪಕ ಅಥವಾ ತ್ರಿವಿಡಿ, ಝಂಪೆ, ಅಟ್ಟ, ಆದಿ ಹೀಗೆ ನಡೆದು ಕೊನೆಗೆ ಎರಡು ಸಾಲಿನ ಜತೆಯಿಂದ ಮುಗಿಯುತ್ತದೆ. ನಮ್ಮ ಪುಸ್ತಕಗಳಲ್ಲಿ ಮಟ್ಟ ಎಂದಿರುವುದು ಸಂಗೀತ ಪಾಠದ ಮಠ್ಯ. ತ್ರಿವಿಡಿ ಎಂದಿರುವುದು ತ್ರಿಪುಟ. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು ಎಲ್ಲರೂ ಸುಳಾದಿ ಬರೆದವರೇ. ಸಂಗೀತ ಕಲಿಯುವ ಮಕ್ಕಳು ಇಂದಿಗೂ ಅಲಂಕಾರಗಳ ಹೆಸರಿನಲ್ಲಿ ಸುಳಾದಿ ಸಪ್ತತಾಳಗಳನ್ನು ಬಾಯಿಪಾಠ ಮಾಡುತ್ತಾರೆ. ಆ ಪಾಠಕ್ರಮಕ್ಕೆ ಪುರಂದರದಾಸರ ಹೆಸರೇ ಇದೆ. ಪುರಂದರದಾಸರು ಹಾಕಿಕೊಟ್ಟ ತಾಳದ ಹಾದಿಯಲ್ಲಿ ವಿಜಯದಾಸರು ಜೀವಮಾನವಿಡೀ ನಡೆದರು. ದುರ್ಗಾ ಸುಳಾದಿ, ನರಸಿಂಹ ಸುಳಾದಿ, ಕಪಿಲ ಸುಳಾದಿ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತವೆ. ಹೋದ ಹೋದ ಕ್ಷೇತ್ರಗಳ ಮೇಲೆ, ಕಾಶಿ, ತಿರುಪತಿ, ಉಡುಪಿಗಳ ಮೇಲೆ ಸುಳಾದಿಗಳಿವೆ. ಬಿಡಿಸಲು ಕಷ್ಟವಾದ ತತ್ತ್ವವಿಚಾರಗಳ ಮೇಲೂ ಇವೆ.

ಪುರಂದರದಾಸರು ಐದು ಲಕ್ಷ ಹಾಡುವ ಸಂಕಲ್ಪ ಮಾಡಿ ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಮುಗಿಸಿದರು, ಉಳಿದ ಇಪ್ಪತ್ತೈದು ಸಾವಿರವನ್ನು ವಿಜಯದಾಸರು ಪೂರೈಸಿದರು ಎಂಬ ನಂಬಿಕೆ ಇದೆ. ಇಷ್ಟು ದುಂಡಗಿನ ಅಂಕಿ ಕಂಡರೆ ನಮ್ಮಂಥ ಹಳೆ ಗುಮಾಸ್ತರ ಕೈ ತಾನಾಗಿ ಕೆಂಪು ಪೆನ್ಸಿಲ್ಲಿನ ಕಡೆ ಹೋಗುತ್ತದೆ. ಇರಲಿ. ಈಗ ಸಿಕ್ಕಿರುವುದು ಅದರ ಸಣ್ಣ ಪಾಲು ಮಾತ್ರ, ಅದೇ ನೂರಾರು ಸುಳಾದಿಗಳು. ಅಷ್ಟಾದರೂ ಉಳಿದಿರುವುದು ಮನೆ ಮನೆಯ ಹಸ್ತಪ್ರತಿ ಹುಡುಕಿ ಅಚ್ಚು ಹಾಕಿಸಿದವರಿಂದ. ಅವರಲ್ಲಿ ಲಿಂಗಸೂಗೂರಿನ ಗೋರೆಬಾಳ ಹನುಮಂತರಾಯರನ್ನು ನಮ್ಮ ಸೀಮೆ ಮರೆಯಬಾರದು.

ಆ ಅಚ್ಚಿನ ಪುಸ್ತಕ ನಿಮ್ಮ ದೇವರ ಮನೆಯಲ್ಲಿದ್ದರೆ ತೆಗೆದು ನೋಡಿ. ಸುಳಾದಿಯ ತಲೆಯ ಮೇಲೆ ರಾಗದ ಹೆಸರು ಇರುತ್ತದೆ. ಪ್ರತಿ ಚರಣದ ಮೇಲೂ ತಾಳದ ಹೆಸರು ಇರುತ್ತದೆ. ದಾಸರು ಯಾವ ಮಟ್ಟಿನಲ್ಲಿ ಹಾಡಿದರೋ ಆ ಮಟ್ಟು ಪುಸ್ತಕದಲ್ಲಿಲ್ಲ, ಸ್ವರ ಬರೆದಿಟ್ಟವರಿಲ್ಲ. ಪುಸ್ತಕ ನಮಗೆ ಹೇಳಿಕೊಡುವುದು ಅಕ್ಷರವನ್ನು ಮತ್ತು ತಾಳವನ್ನು. ನಾವು ಮಾಡುತ್ತಿರುವುದೇನು? ತಾಳದ ಹೆಸರಿನ ಸಾಲನ್ನು ಕಣ್ಣಿನಿಂದ ಹಾರಿಸಿ ಉಳಿದದ್ದನ್ನು ಸ್ತೋತ್ರದಂತೆ ಒಂದೇ ಓಟದಲ್ಲಿ ಪಾರಾಯಣ ಮಾಡಿಬಿಡುತ್ತೇವೆ. ಜ್ವರ ಬಂದರೆ ಈ ಸುಳಾದಿ, ಕೋರ್ಟು ಕಚೇರಿ ಕೆಲಸವಾಗಲು ಆ ಸುಳಾದಿ ಎಂದು ಪಟ್ಟಿಯನ್ನೂ ಮಾಡಿಕೊಂಡಿದ್ದೇವೆ. ಪಾರಾಯಣವನ್ನು ನಾವು ಹಳಿಯುವುದಿಲ್ಲ. ನಮ್ಮ ಮನೆಯಲ್ಲೂ ನಡೆಯುತ್ತದೆ. ಆದರೆ ದಾಸರು ಅಟ್ಟತಾಳ ಎಂದು ಬರೆಸಿದ್ದು ಸುಮ್ಮನೆ ಇರಲಾರದು.

ದಾಸರ ವೇಷವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ, ಕಾಲಿಗೆ ಗೆಜ್ಜೆ. ಜೊತೆಗೆ ಪಕ್ಕವಾದ್ಯದವರ ಮೇಳ ಕಟ್ಟಿಕೊಂಡು ಊರೂರು ತಿರುಗುವ ಸಿರಿತನ ಅವರಿಗಿರಲಿಲ್ಲ. ಮದ್ದಳೆಯ ಕೆಲಸವನ್ನು ಕಾಲೇ ಮಾಡಬೇಕು, ಕೈಯೇ ಮಾಡಬೇಕು. ಹೆಜ್ಜೆ ನೆಲಕ್ಕೆ ಬೀಳುವುದು ಸಮನಾಗಿ, ಒಂದೊಂದು ಅಕ್ಷರಕ್ಕೆ ಒಂದೊಂದು. ಚಿಟಿಕೆ ತಾಳದ ಅಂಗಕ್ಕೆ ತಕ್ಕಂತೆ, ಒಮ್ಮೆ ಹೆಜ್ಜೆಯ ಮೇಲೆ, ಒಮ್ಮೆ ಎರಡು ಹೆಜ್ಜೆಯ ನಡುವೆ. ಮಾತು ಇವೆರಡನ್ನೂ ಬಿಟ್ಟು ಮೂರನೆಯ ಕಡೆ ಎತ್ತುಗಡೆ ಮಾಡಬಹುದು. ಇದು ನಮ್ಮ ಊಹೆ. ಆದರೆ ಚೀಕಲಪರವಿಯಿಂದ ಕಾಶಿಗೆ ಮೂರು ಸಲ ಹೋಗಿ ಬಂದರು ಎಂದು ಪರಂಪರೆ ಹೇಳುವ, ತಿರುಪತಿಗೆ ಮತ್ತೆ ಮತ್ತೆ ನಡೆದ ಮನುಷ್ಯನಿಗೆ ಲಯ ಪುಸ್ತಕದಿಂದ ಬಂದಿರಲಾರದು ಎಂದು ನಮಗೆ ಅನ್ನಿಸುತ್ತದೆ.

ಮೃದಂಗದ ಮೇಷ್ಟ್ರು ಈಗ ಮಕ್ಕಳಿಗೆ ಕಲಿಸುತ್ತಿರುವುದೂ ಸರಿಸುಮಾರು ಇದನ್ನೇ. ತಿಂಗಳಿಗೆ ಎರಡು ಭಾನುವಾರ ಬಳ್ಳಾರಿಯಿಂದ ಗುಂತಕಲ್ಲಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಆದೋನಿಗೆ ಬರುತ್ತಾರೆ. ಮೊದಲ ನಾಲ್ಕು ವಾರ ಅವರು ವಾದ್ಯದ ಗವಸನ್ನೇ ತೆಗೆಸಲಿಲ್ಲ. ದುಡ್ಡು ಕೊಟ್ಟ ತಂದೆತಾಯಿಗಳು ನಮ್ಮ ಹತ್ತಿರ ದೂರು ತಂದರು. ಹೋಗಿ ನೋಡಿದರೆ ಮಕ್ಕಳು ಸಾಲಾಗಿ ನಿಂತು ಕಾಲು ಹಾಕುತ್ತಿದ್ದಾರೆ. ಎಡ, ಬಲ, ಎಡ, ಬಲ, ಒಂದೇ ಸಮ. ಬಾಯಲ್ಲಿ ಧ್ರುವದ ಜತಿ: ತಕಧಿಮಿ ತಕ ತಕಧಿಮಿ ತಕಧಿಮಿ. ಹದಿನಾಲ್ಕು ಹೆಜ್ಜೆ ಮುಗಿದವು. ಕಾಲು ನಿಲ್ಲಿಸದೆ ಅದೇ ಹದಿನಾಲ್ಕು ಹೆಜ್ಜೆಗೆ ಅಟ್ಟದ ಜತಿ: ತದಿಗಿಣತೊಂ ತದಿಗಿಣತೊಂ ತಕ ತಕ. ಮತ್ತೆ ಧ್ರುವ. ಮತ್ತೆ ಅಟ್ಟ. ಕಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಾಯಿಗೆ ಗೊತ್ತಾಗುತ್ತದೆ. ಐದನೆಯ ಹೆಜ್ಜೆಯ ಮೇಲೆ ಬೀಳುತ್ತಿದ್ದ ತ ಆರನೆಯದಕ್ಕೆ ಸರಿಯುತ್ತದೆ. ಆ ಸರಿಯುವಿಕೆ ಮೈಗೆ ಹತ್ತಬೇಕು ಎನ್ನುತ್ತಾರೆ ಮೇಷ್ಟ್ರು.

ಮಟ್ಟಕ್ಕೂ ಝಂಪೆಗೂ ಇದೇ ಸಂಬಂಧ. ಎರಡೂ ಹತ್ತು ಅಕ್ಷರ. ಮಟ್ಟಕ್ಕೆ ತಕಧಿಮಿ ತಕ ತಕಧಿಮಿ. ಝಂಪೆಗೆ ತಕಿಟತಕಧಿಮಿ ತ ತಕ, ಅಂದರೆ ಏಳು, ಒಂದು, ಎರಡು. ಮಟ್ಟದಲ್ಲಿ ತಟ್ಟು ಒಂದು, ಐದು, ಏಳರ ಮೇಲೆ. ಝಂಪೆಯಲ್ಲಿ ಒಂದು, ಎಂಟು, ಒಂಬತ್ತರ ಮೇಲೆ. ಮೊದಲನೆಯದನ್ನು ಬಿಟ್ಟರೆ ಒಂದೂ ಕೂಡುವುದಿಲ್ಲ. ಝಂಪೆಯಲ್ಲಿ ಏಳು ಅಕ್ಷರ ಉದ್ದಕ್ಕೆ ಹರಿದು, ಕೊನೆಯ ಮೂರರಲ್ಲಿ ಎರಡು ತಟ್ಟು ಒತ್ತಟ್ಟಿಗೆ ಬರುತ್ತವೆ. ಅಭ್ಯಾಸವಿಲ್ಲದವರು ಎಡವುವುದು ಅಲ್ಲಿಯೇ. ಉಳಿದವುಗಳಲ್ಲಿ ರೂಪಕ ಆರು, ತ್ರಿಪುಟ ಏಳು, ಏಕ ನಾಲ್ಕು. ಇಂದಿನ ಪಾಠದ ಕ್ರಮದಂತೆ ಏಳೂ ತಾಳಗಳನ್ನು ಒಂದೊಂದು ಆವರ್ತ ಹಾಕಿದರೆ ಒಟ್ಟು 65 ಅಕ್ಷರ. ಕೂಡಿ ನೋಡಿದ್ದೇವೆ, ಸರಿ ಇದೆ.

ಇದು ಕೂತ ಮೇಲೆ ಎತ್ತುಗಡೆಯ ಪಾಠ. ಹಾಡು ತಾಳದ ತಟ್ಟಿನ ಜೊತೆಗೇ ಶುರುವಾದರೆ ಸಮ. ತಟ್ಟು ಬಿದ್ದ ಮೇಲೆ ಸ್ವಲ್ಪ ತಡೆದು ಶುರುವಾದರೆ ಅನಾಗತ. ತಟ್ಟಿಗೆ ಮುಂಚೆಯೇ ಎತ್ತಿಕೊಂಡರೆ ಅತೀತ. ಮೇಷ್ಟ್ರು ಮಕ್ಕಳ ಕೈಯಲ್ಲಿ ಆದಿತಾಳ ಹಾಕಿಸಿ, ತಟ್ಟು ಬಿದ್ದ ಅರ್ಧ ಅಕ್ಷರದ ನಂತರ ತಕಧಿಮಿ ಎತ್ತಿಸುತ್ತಾರೆ. ಕೈ ಒಂದು ಕಡೆ, ಬಾಯಿ ಅದರ ಸಂದಿಯಲ್ಲಿ. ಮೊದಲು ನಿಧಾನದ ಕಾಲದಲ್ಲಿ, ಆಮೇಲೆ ಎರಡನೆಯ ಕಾಲ, ಕೊನೆಗೆ ಮೂರನೆಯದು. ಹತ್ತರಲ್ಲಿ ಎಂಟು ಮಕ್ಕಳ ಬಾಯಿ ಎರಡನೇ ಆವರ್ತಕ್ಕೆ ಕೈಯ ಮೇಲೆ ಹೋಗಿ ಕೂತುಬಿಡುತ್ತದೆ. ನಾವೂ ಹಿಂದೆ ನಿಂತು ಪ್ರಯತ್ನಿಸಿದೆವು. ನಮ್ಮದು ಮೊದಲ ಆವರ್ತಕ್ಕೇ ಕೂತಿತು.

ಬೆಂಗಳೂರಿನಲ್ಲಿ ನಮ್ಮ ತಂಗಿಯ ಮೊಮ್ಮಗ ಪಾಶ್ಚಾತ್ಯ ಡ್ರಮ್ ಕಲಿಯುತ್ತಾನೆ. ಅವನ ಪಾಠದ ಪುಸ್ತಕ ನೋಡಿದೆವು, ಅಮೆರಿಕದ ಟೆಡ್ ರೀಡ್ ಎಂಬ ಡ್ರಮ್ ಮೇಷ್ಟ್ರು 1958ರಲ್ಲಿ ಹೊರತಂದದ್ದು. ಪುಟಗಟ್ಟಲೆ ಇದೇ ವಿದ್ಯೆ. ಕಾಲು ಸಮನಾಗಿ ಬಡಿಯುತ್ತಿರಬೇಕು, ಕೈಯ ಪೆಟ್ಟು ಮಾತ್ರ ನಿರೀಕ್ಷೆ ಇಲ್ಲದ ಕಡೆ ಬೀಳಬೇಕು. ಅದನ್ನು ಸಿಂಕಪೇಷನ್ ಎನ್ನುತ್ತಾರಂತೆ. ಹುಡುಗನಿಗೆ ಝಂಪೆ ಹೇಳಿಕೊಟ್ಟೆವು. ಕಡ್ಡಿಯಲ್ಲಿ ಮೇಜಿನ ಮೇಲೆ ಬಾರಿಸಿ ನೋಡಿ, ಅಜ್ಜ ಇದು ಯಾವ ಬ್ಯಾಂಡಿನದು ಎಂದು ಕೇಳಿದ. ಚಿಪ್ಪಗಿರಿಯದು ಎಂದೆವು.

ವಿಜಯದಾಸರು ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಅಲೆದಾಟ ಮುಗಿಸಿ ಅಲ್ಲಿ ನೆಲೆ ನಿಂತರು. ಅವರ ಹೆಂಡತಿ ಅರಳಮ್ಮನವರ ಬಗ್ಗೆ ಪುಸ್ತಕಗಳಲ್ಲಿ ಎರಡು ಸಾಲು ಇದ್ದರೆ ಹೆಚ್ಚು, ನಮಗೆ ಅದು ಸರಿಕಾಣುವುದಿಲ್ಲ. ಗಂಡ ಕಾಶಿಗೆ ಹೋದಾಗ ಮನೆ ಯಾರು ನಡೆಸಿದರು? ವಿಧವೆಯೊಬ್ಬಳು ಹಸುಗೂಸನ್ನು ಕಟ್ಟಿಕೊಂಡು ಬಾವಿಗೆ ಬೀಳಲು ಹೋಗುತ್ತಿದ್ದಾಗ ದಾಸರು ಅವಳನ್ನು ಕಾಪಾಡಿದರು, ಆ ಕೂಸನ್ನು ಮನೆಯಲ್ಲಿಟ್ಟುಕೊಂಡು ಬೆಳೆಸಿದರು ಎಂದು ಹೇಳುತ್ತಾರೆ. ಕಾಪಾಡಿದವರು ದಾಸರು ಸರಿ, ಬೆಳೆಸಿದವರು ಅರಳಮ್ಮನವರೇ ಅಲ್ಲವೇ? ಆ ಮಗುವೇ ಮೋಹನದಾಸರು. ಮೋಹನವಿಠ್ಠಲ ಅಂಕಿತದಲ್ಲಿ ಹಾಡಿದವರು. ಸಾಕುತಂದೆಯಿಂದ ಹಾಡು, ತಾಳ ಎರಡನ್ನೂ ಅಡಿಗೆಮನೆ ಅಂಗಳದಲ್ಲೇ ಕಲಿತಿರಬೇಕು.

ಶಿಷ್ಯರ ಊರುಗಳನ್ನು ಒಂದು ನಕ್ಷೆಯ ಮೇಲೆ ಗುರುತು ಮಾಡಿ ನೋಡಿದೆವು. ಗೋಪಾಲದಾಸರು ಹುಟ್ಟಿದ್ದು ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ, ನೆಲೆ ನಿಂತದ್ದು ಉತ್ತನೂರಿನಲ್ಲಿ. ಮೊದಲನೆಯದು ಕರ್ನಾಟಕ, ಎರಡನೆಯದು ಇಂದು ತೆಲಂಗಾಣದ ಗದ್ವಾಲ ಸೀಮೆ. ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಟ್ಟಿನವರು. ಪಂಗನಾಮದ ತಿಮ್ಮಣ್ಣದಾಸರು ವೇಣುಗೋಪಾಲವಿಠ್ಠಲ ಅಂಕಿತದಲ್ಲಿ ಹಾಡಿದರು. ಗುರುಗಳು ಹುಟ್ಟಿದ ಚೀಕಲಪರವಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಅವರು ಕಣ್ಣು ಮುಚ್ಚಿದ ಚಿಪ್ಪಗಿರಿ 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಸೇರಿ, ಬಳ್ಳಾರಿ ಜಿಲ್ಲೆಯ ಆಲೂರು ತಾಲ್ಲೂಕಿನ ಊರಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಸಮೇತ ಉಳಿದವು ಮೈಸೂರಿಗೆ ಬಂದವು. ಹಳೆಯ ದಫ್ತರದ ಕಟ್ಟುಗಳಲ್ಲಿ ಆದೋನಿ ತಾಲ್ಲೂಕು, ಬಳ್ಳಾರಿ ಜಿಲ್ಲೆ ಎಂದು ಬರೆದದ್ದನ್ನು ನಾವು ನೌಕರಿಯ ಮೊದಲ ವರ್ಷಗಳಲ್ಲಿ ಕಣ್ಣಾರೆ ಓದಿದ್ದೇವೆ. ನಮ್ಮ ತಂದೆಯವರು ಸಾಯುವವರೆಗೂ ಬಳ್ಳಾರಿ ಜಿಲ್ಲೆ ಎಂದೇ ಕಾಗದ ಬರೆಯುತ್ತಿದ್ದರು. ಕಾಗದಗಳೂ ತಪ್ಪದೆ ಬಂದು ಮುಟ್ಟುತ್ತಿದ್ದವು.

ಈಗ ನಮ್ಮ ಮಕ್ಕಳು ತೆಲುಗು ಮಾಧ್ಯಮದಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ತಡವರಿಸುತ್ತಾರೆ. ಸುಳಾದಿಯ ಸಾಲುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಹಾಡುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇದರ ಬಗ್ಗೆ ಕೆಲವು ಹಿರಿಯರಿಗೆ ಅಸಮಾಧಾನವಿದೆ. ನಮಗೂ ಮೊದಲು ಇತ್ತು. ಆದರೆ ಒಂದು ಭಾನುವಾರ ನೋಡಿದೆವು. ಲಿಪಿ ಯಾವುದಾದರೇನು, ಝಂಪೆಯ ಏಳರಲ್ಲಿ ಕನ್ನಡದ ಮಾತು ಹೇಗೆ ಮುರಿದು ಕೂರುತ್ತದೆ ಎಂದು ಮೇಷ್ಟ್ರು ತೋರಿಸುವಾಗ ಆ ಮಕ್ಕಳು ಪದಗಳನ್ನು ಒಂದೊಂದಾಗಿ ಬಿಡಿಸಿ ಅರ್ಥ ಕೇಳುತ್ತಿದ್ದರು. ತಾಳಕ್ಕೆ ಕೂರಿಸಬೇಕಾದರೆ ಪದ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿರಬೇಕಲ್ಲ. ಪಾರಾಯಣದ ಓಟದಲ್ಲಿ ಯಾರೂ ನಮ್ಮನ್ನು ಅರ್ಥ ಕೇಳಿರಲಿಲ್ಲ.

1755ರಲ್ಲಿ, ಯುವ ಸಂವತ್ಸರದ ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರು ಚಿಪ್ಪಗಿರಿಯಲ್ಲಿ ಕಾಲವಾದರು. ಎಪ್ಪತ್ತಮೂರು ವರ್ಷದ ಬಾಳು. ಗೋಪಾಲದಾಸರು 1762ರವರೆಗೆ, ಜಗನ್ನಾಥದಾಸರು 1809ರವರೆಗೆ ಬದುಕಿ ಪರಂಪರೆಯನ್ನು ಮುಂದುವರಿಸಿದರು. ಚಿಪ್ಪಗಿರಿಯ ಕಟ್ಟೆಗೆ ಇಂದಿಗೂ ಮೂರು ರಾಜ್ಯಗಳ ಜನ ಬರುತ್ತಾರೆ. ಆರಾಧನೆಯ ದಿನ ಅಲ್ಲಿ ಕೂತರೆ ಸುತ್ತ ಕೇಳುವ ಕನ್ನಡದಲ್ಲಿ ರಾಯಚೂರಿನ ಎಳೆತ, ಬಳ್ಳಾರಿಯ ಬಿರುಸು, ನಮ್ಮ ಆದೋನಿಯ ತೆಲುಗು ಬೆರೆತ ಮಾತು ಎಲ್ಲ ಸೇರಿರುತ್ತದೆ.

ಇನ್ನು ಈ ವರ್ಷದ ಕಾರ್ಯಕ್ರಮ. ಹಾಡುವುದು ಕಳೆದ ವರ್ಷದ ಅದೇ ಸುಳಾದಿ. ಬೇರೆ ಸುಲಭದ್ದನ್ನು ಆರಿಸೋಣ ಎಂದು ಕಾರ್ಯಕಾರಿ ಸಮಿತಿಯಲ್ಲಿ ಇಬ್ಬರು ಹೇಳಿದರು. ಮೃದಂಗಕ್ಕೆ ಕೂರುವವನು ಅದೇ ಹುಡುಗ. ಅವನನ್ನೇ ಕೇಳಿದೆವು. ಅದೇ ಇರಲಿ ಅಂದ. ಈಗ ಅವನು ಅಟ್ಟದಲ್ಲಿ ಆರನೆಯ ಅಕ್ಷರಕ್ಕೆ ಎಡಗೈಯಿಂದ ಒಂದು ಗುಂಕಿ ಕೊಡುತ್ತಾನೆ, ಕೇಳಲು ಹಿತವಾಗಿರುತ್ತದೆ. ಝಂಪೆಯ ಕೊನೆಯ ಮೂರು ಇನ್ನೂ ಸ್ವಲ್ಪ ಓಡುತ್ತದೆ.

ಆರಾಧನೆಯವರೆಗೆ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಸಂಘದ ಕೋಣೆಯಲ್ಲಿ ಅಭ್ಯಾಸವಿರುತ್ತದೆ. ಮೇಷ್ಟ್ರು ಬಾರದ ಭಾನುವಾರ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಮೃದಂಗ ಇರುವವರು ತನ್ನಿ. ಇಲ್ಲದವರು ಬರಿಗೈಯಲ್ಲಿ ಬಂದರೂ ಆಯಿತು, ಮೊದಲ ತಿಂಗಳು ಹೇಗೂ ಕಾಲು ಬಾಯಿಗಳದೇ ಕೆಲಸ. ಎಡಮಗ್ಗುಲಿಗೆ ಹಚ್ಚುವ ರವೆ ಸಂಘದ ಕಡೆಯಿಂದ ಇರುತ್ತದೆ. ಮನೆಯಲ್ಲಿ ವಿಜಯದಾಸರ ಸುಳಾದಿಯ ಹಳೆಯ ಪುಸ್ತಕವೋ ಕೈಬರಹದ ವಹಿಯೋ ಇದ್ದವರು ದಯವಿಟ್ಟು ತಂದು ತೋರಿಸಬೇಕು. ಚರಣದ ಮೇಲಿನ ತಾಳದ ಹೆಸರುಗಳನ್ನು ನಕಲು ಮಾಡಿಕೊಂಡು ಅಂದೇ ಹಿಂದಿರುಗಿಸುತ್ತೇವೆ. ಆರಾಧನೆಯ ದಿನ ಆದೋನಿಯಿಂದ ಒಂದು ಬಸ್ಸು ಗೊತ್ತು ಮಾಡಿದೆ, ಬೆಳಗ್ಗೆ ಆರಕ್ಕೆ ಹೊರಡುತ್ತದೆ. ಆಲೂರಿನವರು ಬಸ್ ನಿಲ್ದಾಣದ ಎದುರು ಕಾಯಬೇಕು. ಕಳೆದ ಸಲ ಇಬ್ಬರು ಬೇರೆ ಕಡೆ ಕಾದು ತಪ್ಪಿಸಿಕೊಂಡರು.